ವಿಡಿಯೋಗಾಗಿ ತುಂಬಿಸಿದ ನೀರು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಖಾಲಿಯಿದ್ದರೂ ನಾನು ಅಲ್ಲಿ ಕೂರುವುದಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದರೆ ಆ ಕಡೆಗೇ ನೀರಿನ ಪಾರ್ಕು. ನೀಲಿ, ಹಳದಿ, ಕೆಂಪು ಬಣ್ಣಗಳಲ್ಲಿ ಹೊಳೆಯುತ್ತಿದ್ದ ಜಾರುಬಂಡೆಗಳು ಬಿಸಿಲಿಗೆ ಬಿಳಿಚಿಕೊಂಡಿವೆ. ಕಾಂಪೌಂಡಿನ ಒಳಗೆ ಲಂಟಾನ ಆಳೆತ್ತರ ಬೆಳೆದಿದೆ. ಗೇಟಿನ ಮೇಲೆ ಬಾಯಿ ತೆರೆದು ನಿಂತಿದ್ದ ಸಿಮೆಂಟಿನ ಮೀನಿನ ಕೆಳದವಡೆ ಯಾವಾಗಲೋ ಬಿದ್ದುಹೋಗಿದೆ. ಬಸ್ಸಿನಲ್ಲಿ ಹೊಸಬರು ಯಾರಾದರೂ "ಇದ್ಯಾಕ್ರೀ ಇಂಗೆ ಪಾಳು ಬಿದ್ದದೆ?" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ.

ಅಲ್ಲಿ ನಾನು ಲೈಫ್‌ಗಾರ್ಡ್ ಆಗಿದ್ದೆ. ಈ ಮಾತು ಹೇಳಿದರೆ ಈಗಲೂ ನನ್ನನ್ನು ಮೇಲಿಂದ ಕೆಳಗೆ ನೋಡುವವರಿದ್ದಾರೆ. ಸೀರೆ ಉಟ್ಟು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದ ಹೆಂಗಸು ಯಾವ ನೀರಿನಿಂದ ಯಾರ ಜೀವ ಉಳಿಸಿದ್ದಾಳು ಎಂದು ಅವರಿಗೆ ಅನುಮಾನ.

ನನ್ನ ತವರು ಹನಗೋಡಿನ ಕಡೆ. ಮನೆಯ ಹಿತ್ತಲು ಇಳಿದರೆ ಲಕ್ಷ್ಮಣತೀರ್ಥ ಹೊಳೆ. ನಾನು ಇನ್ನೂ ಶಾಲೆಗೆ ಸೇರುವ ಮೊದಲೇ ಅಪ್ಪ ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿ ನೀರಿಗೆ ಬಿಟ್ಟಿದ್ದ. ಅವ್ವ ದಡದಲ್ಲಿ ನಿಂತು ಕೂಗಾಡಿದರೆ, "ಒಳೆ ಮಗ್ಗುಲಲ್ಲಿ ಉಟ್ಟವ್ಳೆ, ಈಜು ಬರ್ದಿದ್ರೆ ಎಂಗಮ್ಮಿ?" ಎಂದು ನಗುತ್ತಿದ್ದ. ಒಂದು ಮಳೆಗಾಲ ಕಳೆದು ನೀರು ಇಳಿಯುವಷ್ಟರಲ್ಲಿ ಬುರುಡೆ ಬೇಡವಾಯಿತು. ಆದರೆ ನಾನು ದೊಡ್ಡವಳಾದ ದಿನದಿಂದ ಅವ್ವನ ಮಾತೇ ಮಾತು. ಹೊಳೆಗೆ ಹೋದರೆ ಬಟ್ಟೆ ಒಗೆದು ಬರಬೇಕು, ಅಷ್ಟೆ. ಆಮೇಲೆ ರಾವಂದೂರಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದೆ. ನನಗೆ ಈಜು ಬರುತ್ತದೆಂದು ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ.

ಪಾರ್ಕು ಶುರುವಾಗುವ ಮುಂಚೆ ಹುಣಸೂರು ಬಸ್ ನಿಲ್ದಾಣದ ಗೋಡೆಗೆ ಪೋಸ್ಟರ್ ಅಂಟಿಸಿದ್ದರು. ಈಜು ಬಲ್ಲ ಹೆಂಗಸರು ಕೆಲಸಕ್ಕೆ ಬೇಕಾಗಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ನನ್ನ ಗಂಡ ಲಗೇಜ್ ಆಟೋ ಓಡಿಸುತ್ತಿದ್ದರು. ಅವರೇ ಅದನ್ನು ನೋಡಿ ಬಂದು ತಮಾಷೆಯಾಗಿ ಹೇಳಿದರು, "ಈಜು ಬರೋ ಎಂಗಸ್ರು ಬೇಕಂತೆ ಕಣೇ. ನಮ್ ಕಡೆ ಎಲ್ಲಿ ಸಿಕ್ತಾರೆ?" ನಾನು ರೊಟ್ಟಿ ತಟ್ಟುತ್ತಾ "ನನಗೆ ಬತ್ತದೆ" ಅಂದೆ. ಅವರು ಬಹಳ ಹೊತ್ತು ನಂಬಲಿಲ್ಲ.

ಪಾರ್ಕಿನ ಯಜಮಾನರು ಕೆ.ಆರ್. ನಗರದವರು, ಅಕ್ಕಿ ಮಿಲ್ಲಿನ ಮಾಲೀಕರು. ವಯಸ್ಸಾದ ಮನುಷ್ಯ, ಬಿಳಿ ಪಂಚೆ, ಮಾತು ಕಡಿಮೆ. ಕೆಲಸ ಕೇಳಿಕೊಂಡು ಹೋದ ನನ್ನನ್ನು ನೋಡಿ, ಹೊಸದಾಗಿ ನೀರು ತುಂಬಿಸಿದ್ದ ಕೊಳದ ಕಡೆ ಕೈ ತೋರಿಸಿದರು. "ಆ ಕಡೆ ದಡ ಮುಟ್ಟಿ ಬಾರವ್ವ, ನೋಡಾನ." ಬೇರೆ ಬಟ್ಟೆ ಇರಲಿಲ್ಲ. ಸೀರೆಗೆ ಕಚ್ಚೆ ಹಾಕಿಕೊಂಡು ಇಳಿದೆ. ಹೊಳೆಯ ನೀರು ಮೈಯನ್ನು ಎಳೆಯುತ್ತದೆ. ಈ ನೀರು ಸುಮ್ಮನೆ ನಿಂತಿತ್ತು. ಅಷ್ಟು ವರ್ಷ ಬಿಟ್ಟಿದ್ದರೂ ತೋಳು ಮರೆತಿರಲಿಲ್ಲ. ವಾಪಸು ಬಂದು ದಡ ಹಿಡಿದು ತಲೆ ಎತ್ತಿದಾಗ ಯಜಮಾನರು ಕುರ್ಚಿಯಿಂದ ಎದ್ದು ನಿಂತಿದ್ದರು. "ನಾಳೆಯಿಂದ ಬಾ" ಅಂದರು.

ಮನೆಯಲ್ಲಿ ಅತ್ತೆ ಅನ್ನ ನೀರು ಬಿಟ್ಟು ಕೂತರು. ಅವರ ಸಿಟ್ಟಿಗೆ ಸಂಬಳದ ಕೆಲಸ ಕಾರಣವಲ್ಲ, ಬಟ್ಟೆ ಕಾರಣ. "ಪ್ಯಾಂಟು ಆಕ್ಕಂಡು ಒದ್ದೆ ಮೈಲಿ ನಿಂತ್ಕತೀಯಾ, ಜನದ ಮುಂದೆ? ನಮ್ಮನೆ ಸೊಸೆ? ಲಿಂಗ ಕಟ್ಟಿರೋ ಮನೆ ಕಣೇ ಇದು!" ನನ್ನ ಗಂಡ ನಡುವೆ ಬಂದು, ಹೆಂಗಸರ ಕೊಳವೇ ಬೇರೆ, ಅಲ್ಲಿಗೆ ಗಂಡಸರು ಕಾಲಿಡುವ ಹಾಗಿಲ್ಲ ಎಂದು ಸಮಾಧಾನ ಮಾಡಿದರು. ನಾನು ಬೆಳಗ್ಗೆ ಸೀರೆಯಲ್ಲಿ ಮನೆ ಬಿಟ್ಟು, ಪಾರ್ಕಿನಲ್ಲಿ ಕರಿ ಪ್ಯಾಂಟು, ಕೆಂಪು ಅಂಗಿ ಹಾಕಿಕೊಂಡು, ಸಂಜೆ ಮತ್ತೆ ಸೀರೆಯಲ್ಲಿ ಮನೆಗೆ ಬರುತ್ತಿದ್ದೆ. ಅತ್ತೆ ತಿಂಗಳುಗಟ್ಟಲೆ ನನ್ನ ಒದ್ದೆ ಕೂದಲನ್ನು ನೋಡಿ ಮುಖ ತಿರುಗಿಸಿಕೊಂಡರು.

ಮಂಗಳವಾರ ಇಡೀ ಪಾರ್ಕು ಹೆಂಗಸರಿಗೆ ಮಾತ್ರ. ಬೆಟ್ಟದಪುರದಿಂದ, ಎಚ್.ಡಿ. ಕೋಟೆಯಿಂದ, ಕೆ.ಆರ್. ನಗರದಿಂದ ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಹೊಗೆಸೊಪ್ಪು ಮುರಿದು ಮುರಿದು ಅಂಗೈ ಕಪ್ಪಾದ ಹೆಂಗಸರು, ಮನೆಯ ಬಚ್ಚಲು ಬಿಟ್ಟರೆ ಬೇರೆಲ್ಲೂ ಮೈಗೆ ನೀರು ಹಾಕಿಕೊಳ್ಳದವರು. ಬಾಡಿಗೆ ಬಟ್ಟೆಯಲ್ಲಿ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು. ನೀರಿಗೆ ಇಳಿದವರು ಮೊದಲು ಮಾಡುತ್ತಿದ್ದುದು ಬಗ್ಗಿ ಮುಖ ತೊಳೆಯುವುದು. ನೀರು ಕಂಡರೆ ಏನಾದರೂ ತೊಳೆಯಬೇಕು ಎಂಬ ಅಭ್ಯಾಸ. ಆಟ ಆಡಬಹುದು ಎಂದು ಕೈಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆಮೇಲೆ ಅಲೆ ಏಳುವ ಕೊಳದ ಸೈರನ್ ಕೂಗಿದಾಗ ಅವರ ಕಿರುಚಾಟ ಹೆದ್ದಾರಿಯವರೆಗೂ ಕೇಳುತ್ತಿತ್ತು.

ಒಂದು ಮಂಗಳವಾರ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅಲೆಗೆ ಸಿಕ್ಕಿ ಮುಳುಗಿದಳು. ಸುತ್ತ ಅಷ್ಟು ಜನ ನಗುತ್ತಿದ್ದರೂ ಯಾರಿಗೂ ತಿಳಿಯಲಿಲ್ಲ. ನಾನು ಹಾರಿ ಜಡೆ ಹಿಡಿದು ಎಳೆದು ತಂದೆ. ಕೆಮ್ಮಿ ಕೆಮ್ಮಿ ನೀರು ಕಕ್ಕಿದವಳು ಉಸಿರು ಬಂದ ಕೂಡಲೇ ನನ್ನ ಕೈ ಹಿಡಿದು, "ಅಕ್ಕಾ, ಯಾರ್ಗೂ ಏಳ್ಬ್ಯಾಡಿ. ಚಿಕ್ಕವ್ವನ ಮನೆಗೆ ಓಯ್ತೀನಿ ಅಂತ ಏಳ್ ಬಂದಿವ್ನಿ" ಅಂದಳು. ಸತ್ತು ಬದುಕಿದ್ದರ ಭಯಕ್ಕಿಂತ ಮನೆಯ ಭಯ ದೊಡ್ಡದಾಗಿತ್ತು. ನಾನು ಅವಳ ಕೂದಲು ಒರೆಸಿ, ಒಣಗುವ ತನಕ ಬಿಸಿಲಿಗೆ ಕೂರಿಸಿ, ತಲೆ ಬಾಚಿ ಕಳಿಸಿದೆ.

ಅತ್ತೆ ಬಂದದ್ದು ಎರಡನೆಯ ಬೇಸಿಗೆಯಲ್ಲಿ. ಊರಿನ ಸ್ತ್ರೀಶಕ್ತಿ ಸಂಘದವರೆಲ್ಲ ಟೆಂಪೋ ಮಾಡಿದಾಗ, ತಾವೊಬ್ಬರೇ ಉಳಿದರೆ ಸೊಸೆಯ ಕೆಲಸದ ಮೇಲೆ ಇನ್ನೇನು ಮಾತು ಬರುತ್ತದೋ ಎಂದು ಹೊರಟರಂತೆ. ಕೊಳದ ಮೆಟ್ಟಿಲ ಮೇಲೆ ಸೆರಗು ಹೊದ್ದು, ದೇವಸ್ಥಾನದಲ್ಲಿ ಕೂತ ಹಾಗೆ ಕೂತರು. ನಾನು ಕರೆಯಲಿಲ್ಲ. ಕರೆದದ್ದು ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದ ನನ್ನ ಗೆಳತಿ. ಎಚ್.ಡಿ. ಕೋಟೆಯ ಕಡೆಯವಳು, ಗಟ್ಟಿ ಬಾಯಿ, ಯಾರಿಗೂ ಹೆದರುವವಳಲ್ಲ. "ದೊಡ್ಡವ್ವಾ, ಮಂಡಿ ನೋವು ಅಂತೀರಲ್ಲ, ನೀರಲ್ಲಿ ನಿಂತ್ರೆ ನೋವೇ ಗೊತ್ತಾಗಕಿಲ್ಲ, ಬನ್ನಿ" ಎಂದು ಕೈ ಹಿಡಿದು ಇಳಿಸಿಯೇ ಬಿಟ್ಟಳು. ಇದ್ದುದರಲ್ಲಿ ದೊಡ್ಡ ಅಂಗಿ, ಅದರ ಮೇಲೆ ಟವೆಲು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ನಾನು ದೂರದಿಂದ ನೋಡುತ್ತಿದ್ದೆ. ಸೊಂಟದವರೆಗೆ ನೀರು ಬಂದಾಗ ಅತ್ತೆಯ ಮುಖದಲ್ಲಿ ಏನೋ ಸಡಿಲವಾಯಿತು. ಬಾಯಿ ತೆರೆದು ನಕ್ಕರು. ಮದುವೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಪಾರ್ಕು ಮುಚ್ಚುವ ಸೈರನ್ ಕೂಗಿ ಎಲ್ಲರೂ ಹತ್ತಿದರೂ ಅವರು ಹತ್ತಲಿಲ್ಲ. ನಾನೇ ಇಳಿದು ಕರೆತರಬೇಕಾಯಿತು.

ಮನೆಗೆ ಬಂದು ಕಾಫಿ ಕುಡಿಯುವಾಗ, ಯಾರಿಗೋ ಹೇಳುವ ಹಾಗೆ ಗೋಡೆ ನೋಡಿಕೊಂಡು, "ಮೈಯೆಲ್ಲಾ ಅಗೂರಾಗೋಯ್ತು ಕಣೇ" ಅಂದರು. ಆ ನಂತರ ನನ್ನ ಒದ್ದೆ ಕೂದಲಿಗೆ ಅವರೇ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ಒಂದು ಮಂಗಳವಾರ ಅವರದಾಯಿತು.

ಕೊರೋನಾ ಬಂದಾಗ ಎಲ್ಲದರ ಹಾಗೆ ಪಾರ್ಕಿನ ಬಾಗಿಲೂ ಹಾಕಿತು. ಉಳಿದವು ಒಂದೊಂದಾಗಿ ತೆರೆದವು, ಇದು ತೆರೆಯಲಿಲ್ಲ. ಯಜಮಾನರು ಅದೇ ವರ್ಷ ತೀರಿಕೊಂಡರು. ಅವರ ಇಬ್ಬರು ಗಂಡುಮಕ್ಕಳಿಗೆ ಆಸ್ತಿಯ ವಿಷಯದಲ್ಲಿ ಹೊಂದಲಿಲ್ಲ. ನಮಗೆ ಯಾರೂ ಏನೂ ಹೇಳಲಿಲ್ಲ. ಕೆಲಸ ಹೋಯಿತು ಎಂದು ಹೇಳಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆವೋ ಏನೋ. ಮುಂದಿನ ತಿಂಗಳು, ಹಬ್ಬ ಕಳೆಯಲಿ, ಮಳೆ ನಿಲ್ಲಲಿ ಎಂದು ಕಾಯುತ್ತಲೇ ಇದ್ದೆವು. ಅಷ್ಟರಲ್ಲಿ ಕೊಳಗಳ ನೀರು ಪಾಚಿಗಟ್ಟಿತು. ಆ ನೀರಿನ ವಾಸನೆ ಹಿಡಿದು ಕಾಡಂಚಿನಿಂದ ಆನೆಗಳು ಬಂದವು. ಕಾಂಪೌಂಡು ಒಂದು ಕಡೆ ಉರುಳಿತು. ಫಾರೆಸ್ಟಿನವರು ಹೇಳಿ ನೀರನ್ನೆಲ್ಲ ಖಾಲಿ ಮಾಡಿಸಿದರಂತೆ. ಆ ಸುದ್ದಿ ಕೇಳಿದ ದಿನ ನಾನು ಹೊಗೆಸೊಪ್ಪು ಬೇರ್ಪಡಿಸುವ ಗ್ರೇಡಿಂಗ್ ಕೆಲಸಕ್ಕೆ ಸೇರಿಕೊಂಡೆ. ಬೆಳಗಿನಿಂದ ಸಂಜೆವರೆಗೆ ಗೋಣಿಯ ಮೇಲೆ ಕೂತು ಒಣ ಎಲೆಯ ಬಣ್ಣ ನೋಡುವುದು. ಗಂಟಲೆಲ್ಲ ಧೂಳು.

ಕಳೆದ ಬೇಸಿಗೆಯ ಆರಂಭದಲ್ಲಿ ಯಜಮಾನರ ದೊಡ್ಡ ಮಗ ಫೋನ್ ಮಾಡಿದ. ನನ್ನ ನಂಬರ್ ಇನ್ನೂ ಅವನ ಹತ್ತಿರ ಇದೆಯಲ್ಲ ಎಂದೇ ಮನಸ್ಸು ಉಬ್ಬಿತು. "ಅಕ್ಕಾ, ಪಾರ್ಕ್ ಮತ್ತೆ ಶುರು ಮಾಡ್ತಿದೀವಿ. ಹಳಬರೆಲ್ಲಾ ಬಂದು ಸ್ವಲ್ಪ ಕ್ಲೀನ್ ಮಾಡ್ಕೊಟ್ರೆ ಒಳ್ಳೇದು. ನಿಮ್ಮದೇ ಪಾರ್ಕ್ ಅಂದ್ಕೊಳ್ಳಿ" ಅಂದ. ನಾನು ಆ ಮಧ್ಯಾಹ್ನವೇ ಗ್ರೇಡಿಂಗಿನ ಮೇಸ್ತ್ರಿಗೆ ಇನ್ನು ಬರುವುದಿಲ್ಲ ಎಂದು ಹೇಳಿಬಿಟ್ಟೆ.

ನಾವು ಹಳಬರು ಸೇರಿ ಲಂಟಾನ ಕಡಿದೆವು. ಕೊಳದ ತಳದಲ್ಲಿ ಹೂತುಹೋಗಿದ್ದ ಮಣ್ಣು, ಎಲೆ, ಹಾವಿನ ಪೊರೆ ಎತ್ತಿ ಹಾಕಿದೆವು. ಕೋಟೆಯಿಂದ ನನ್ನ ಗೆಳತಿಯೂ ಬಂದಳು. ಇಬ್ಬರೂ ಮೊಣಕಾಲೂರಿ ನೀಲಿ ಹಂಚುಗಳನ್ನು ತೆಂಗಿನ ನಾರಿನಲ್ಲಿ ತಿಕ್ಕಿದೆವು. ತಿಕ್ಕಿದಲ್ಲೆಲ್ಲ ಹಳೆಯ ನೀಲಿ ಎದ್ದು ಬರುತ್ತಿತ್ತು. ಕೂಲಿ ಎಷ್ಟೆಂದು ಯಾರೂ ಕೇಳಲಿಲ್ಲ. ನಮ್ಮ ಮನೆಯ ನೆಲವನ್ನೂ ನಾನು ಅಷ್ಟು ಅಕ್ಕರೆಯಿಂದ ತಿಕ್ಕಿದವಳಲ್ಲ. ಗೆಳತಿ ಒಮ್ಮೆ ಮಾತ್ರ ಬೆನ್ನು ನೆಟ್ಟಗೆ ಮಾಡಿ, "ಅಲ್ಲಾ ಕಣಕ್ಕ, ಒಂದೇ ಕೊಳ ಯಾಕೆ ತೊಳುಸ್ತಾವ್ರೆ? ಮಿಕ್ಕಿದ್ದು?" ಅಂದಳು. ಆಮೇಲೆ ಮಾಡಿಸುತ್ತಾರೆ ಬಿಡು ಎಂದು ನಾನೇ ಸಮಾಧಾನ ಹೇಳಿದೆ.

ಕೊಳಕ್ಕೆ ನೀರು ಬಿಟ್ಟರು. ಭಾನುವಾರ ಟ್ರಯಲ್, ಮನೆಯವರನ್ನು, ನೆಂಟರನ್ನು, ಊರವರನ್ನು ಎಷ್ಟು ಜನರಾದರೂ ಕರೆತನ್ನಿ, ಊಟ ನಮ್ಮದು ಎಂದು ದೊಡ್ಡ ಮಗ ಹೇಳಿದ. ನಮ್ಮ ಹಳ್ಳಿಯಿಂದಲೇ ಒಂದು ಟ್ರ್ಯಾಕ್ಟರ್ ತುಂಬ ಹೊರಟರು. ಅತ್ತೆಗೆ ಈಗ ಮಂಡಿ ಪೂರ್ತಿ ಹಿಡಿದುಕೊಂಡಿದೆ. ಆದರೂ ನನ್ನ ಗಂಡನ ಆಟೋದಲ್ಲಿ ಮುಂದೆ ಕೂತು ಬಂದರು. ನಾನು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಕೆಂಪು ಅಂಗಿ ಹಾಕಿಕೊಂಡು, ವಿಷಲ್ ಕೊರಳಿಗೆ ಹಾಕಿಕೊಂಡು ದಡದಲ್ಲಿ ನಿಂತೆ. ಸ್ಪೀಕರಿನಲ್ಲಿ ಹಾಡು ಹಾಕಿದರು. ತಲೆಯ ಮೇಲೆ ಡ್ರೋನ್ ಜೇನಿನ ಹಾಗೆ ಗುಂಯ್‌ಗುಟ್ಟುತ್ತಿತ್ತು. ಮೈಸೂರಿನಿಂದ ಬಂದಿದ್ದ ಕ್ಯಾಮರಾದವನು "ನಗಿ ನಗಿ, ಕೈ ಎತ್ತಿ" ಎನ್ನುತ್ತಾ ಓಡಾಡುತ್ತಿದ್ದ. ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಜನ ಅಷ್ಟು ವರ್ಷದ ಮೇಲೆ ನೀರು ಕಂಡಿದ್ದರು. ಅತ್ತೆ ನನ್ನ ಹೆಗಲು ಹಿಡಿದು ಇಳಿದು, ಸೊಂಟದ ನೀರಿನಲ್ಲಿ ನಿಂತು, ಎರಡು ಕೈಯಲ್ಲೂ ನೀರು ಬಡಿದು ನಕ್ಕರು. ಈಗ ಮುಂದಿನ ಹಲ್ಲುಗಳಿಲ್ಲ. ನಕ್ಕರೆ ಕೂಸಿನ ಹಾಗೆ ಕಾಣುತ್ತಾರೆ.

ಮಾರನೆಯ ದಿನ ಕೆಲಸಕ್ಕೆಂದು ಹೋದರೆ ಗೇಟಿಗೆ ಬೀಗ. ಕಾವಲಿನವನು, "ಯಾರ್ನೂ ಬುಡಬ್ಯಾಡ ಅಂತ ಏಳವ್ರೆ ಕಣಕ್ಕ" ಅಂದ. ದೊಡ್ಡ ಮಗನ ಫೋನು ರಿಂಗಾಗುತ್ತಿತ್ತು, ಎತ್ತಲಿಲ್ಲ.

ಸ್ವಲ್ಪ ದಿನಕ್ಕೆ ನನ್ನ ಗಂಡನ ಫೋನಿಗೆ ವಿಡಿಯೋ ಬಂತು. ಮೇಲಿನಿಂದ ತೆಗೆದ ನೀಲಿ ಕೊಳ, ಕೆಂಪು ಅಂಗಿಯ ನಾನು, ಕಿರುಚುವ ಜನ. ಹಿಂದಿನಿಂದ ಒಬ್ಬನ ದನಿ: ಚೆನ್ನಾಗಿ ನಡೆಯುತ್ತಿರುವ ವಾಟರ್ ಪಾರ್ಕು ಮಾರಾಟಕ್ಕಿದೆ, ಹೆದ್ದಾರಿ ಪಕ್ಕ, ರೆಸಾರ್ಟಿಗೂ ಲೇಔಟಿಗೂ ಹೇಳಿ ಮಾಡಿಸಿದ ಜಾಗ. ಕೊನೆಯಲ್ಲಿ ಅತ್ತೆಯ ಮುಖ. ಒದ್ದೆ ಕೂದಲು, ಬೊಚ್ಚು ಬಾಯಿ, ಮುಚ್ಚಿದ ಕಣ್ಣು. ಆ ನಗು ಪರದೆ ತುಂಬ ನಿಧಾನವಾಗಿ ಹರಡಿಕೊಂಡು ನಿಲ್ಲುತ್ತಿತ್ತು.

ಊರಿನ ಪಡ್ಡೆ ಹುಡುಗರು ಆ ಕೊನೆಯ ತುಂಡನ್ನು ಮಾತ್ರ ಕತ್ತರಿಸಿ, ಪೋಲಿ ಹಾಡೊಂದನ್ನು ಸೇರಿಸಿ ಗ್ರೂಪುಗಳಿಗೆ ಬಿಟ್ಟರು. ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದ ಅತ್ತೆಯ ಮುಂದೆ ಯಾರೋ ಅದನ್ನು ಹಾಕಿ ತೋರಿಸಿದರಂತೆ. ಕ್ಯೂನಲ್ಲಿದ್ದವರೆಲ್ಲ ನಕ್ಕರಂತೆ. ಅತ್ತೆ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಬಂದರು. ಬಂದವರು ನನ್ನನ್ನು ಕರೆದು, ಪೂರ್ತಿ ವಿಡಿಯೋ ತೋರಿಸು ಅಂದರು. ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದರು. ದನಿ ಹೇಳುತ್ತಿರುವುದು ಏನೆಂದು ಕೇಳಿದರು. ಮಾರಾಟ ಎಂದೆ.

"ಮಾರಕ್ಕೆ ನನ್ನ ಮೊಕ ಬೇಕಾಗಿತ್ತಾ ಅವ್ರಿಗೆ?" ಅಂದರು.

ಅವರು ಎದ್ದು ಒಳಗೆ ಹೋದರು. ಅಂದಿನಿಂದ ಡೈರಿಗೆ ನಾನೇ ಹೋಗುತ್ತಿದ್ದೇನೆ. ಸಂಘದ ಸಭೆಗೂ ಅವರು ಹೋಗುವುದನ್ನು ಬಿಟ್ಟರು. ನನ್ನ ಮೇಲೆ ರೇಗಿದ್ದರೆ ನನಗೆ ಹಗುರಾಗುತ್ತಿತ್ತು. ರೇಗಲಿಲ್ಲ.

ನಾನೂ ಗೆಳತಿಯೂ ಬಸ್ಸು ಹತ್ತಿ ಕೆ.ಆರ್. ನಗರಕ್ಕೆ ಹೋದೆವು. ದೊಡ್ಡ ಮಗ ಮಿಲ್ಲಿನ ಆಫೀಸಿನಲ್ಲಿದ್ದ. ಮರ್ಯಾದೆಯಿಂದಲೇ ಕೂರಿಸಿ ಕಾಫಿ ತರಿಸಿದ.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಬಿಸಿನೆಸ್ಸಲ್ಲಿ ಇದೆಲ್ಲಾ ಮಾಮೂಲಿ. ಖಾಲಿ ಜಾಗ ತೋರ್ಸಿದ್ರೆ ಯಾರೂ ಮುಂದೆ ಬರಲ್ಲ. ಜನ ಇದ್ರೆ ಬರ್ತಾರೆ."

"ನಮ್ಮತ್ತೆ ಮೊಕ ತೆಗೆಸಿ ಸಾರ್" ಅಂದೆ.

"ಅದೀಗ ನನ್ನ ಕೈಲಿಲ್ಲ. ಎಲ್ಲೆಲ್ಲಿಗೋ ಹೋಗ್ಬಿಟ್ಟಿದೆ."

"ಪಾರ್ಕು ತೆಗೀತೀರೋ ಇಲ್ವೋ, ಅದನ್ನಾರ ಹೇಳಿ."

ಅವನು ಪೇಪರ್‌ವೇಟ್ ತಿರುಗಿಸುತ್ತಾ, "ತೆಗೀಬೋದು, ಮಾರ್ಬೋದು. ತಮ್ಮ ಕೋರ್ಟಿಗೆ ಹೋಗಿದಾನೆ. ನೋಡೋಣ" ಅಂದ. ನಮ್ಮ ಬದುಕಿನ ಬಗ್ಗೆ ಅವನು ಹವಾಮಾನದ ವಿಷಯ ಹೇಳುವ ಹಾಗೆ ಹೇಳುತ್ತಿದ್ದ.

ಗೆಳತಿ ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ನಿಮ್ಮಪ್ಪಾರು ನಮ್ಮುನ್ನ ಆಳು ಅಂತಾದ್ರೂ ತಿಳ್ಕಂಡಿದ್ರು ಸಾ. ನೀವು ಅಂಗ್ಡಿ ಮುಂದೆ ನಿಲ್ಸೋ ಬೊಂಬೆ ಅಂದ್ಕಂಡ್ರಲ್ಲ!" ಎಂದು ಎದ್ದಳು. ನಾನೂ ಎದ್ದೆ. ಮುಟ್ಟದ ಕಾಫಿ ಮೇಜಿನ ಮೇಲೇ ಉಳಿಯಿತು. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಗೆಳತಿಗೆ ಅಳು ಬಂತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ ನಿಲ್ದಾಣದಲ್ಲಿ ಅವಳು ಮೈಸೂರಿನ ಬಸ್ಸು ಹತ್ತಿದಳು, ನಾನು ಹುಣಸೂರಿನ ಬಸ್ಸು ಹತ್ತಿದೆ.

ಕೊಂಡುಕೊಳ್ಳುವವರು ಬಂದರು, ನೋಡಿದರು, ಕೋರ್ಟಿನ ಮಾತು ಕೇಳಿ ವಾಪಸಾದರು ಎಂಬ ಸುದ್ದಿ ಬಂತು. ಅದಾದ ಮೇಲೆ ತಮ್ಮನ ಕಡೆಯವರೋ ಅಣ್ಣನ ಕಡೆಯವರೋ ಗೊತ್ತಿಲ್ಲ, ಚಿಕ್ಕ ಜಾರುಬಂಡೆಗಳನ್ನು ಕತ್ತರಿಸಿ ತುಂಡು ತುಂಡಾಗಿ ಮಾರಿದರು. ರಾವಂದೂರಿನ ಒಂದು ಹಟ್ಟಿಯಲ್ಲಿ ಹಳದಿ ಜಾರುಬಂಡೆಯ ಅರ್ಧ ಕೊಳವೆಯನ್ನು ಎರಡು ಕಲ್ಲಿನ ನಡುವೆ ಕೂರಿಸಿ ಎಮ್ಮೆಗಳಿಗೆ ಕಲಗಚ್ಚು ಹಾಕುವುದನ್ನು ಕಣ್ಣಾರೆ ಕಂಡೆ. ಮನೆಯ ಯಜಮಾನ, "ಗಟ್ಟಿ ಮಾಲು ಕಣವ್ವ, ನಿಮಗೂ ಬೇಕಾದ್ರೆ ಏಳ್ತೀನಿ" ಅಂದ. ಬೇಡ ಎಂದೆ. ಮಿಕ್ಕಿದ ಜಾಗಕ್ಕೆ ಒಬ್ಬರು ಕಲ್ಯಾಣ ಮಂಟಪ ಬರುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಕೊಡಗಿಗೆ ಹೋಗುವ ಕಾರಿನವರಿಗೆ ಹೋಟೆಲು ಅನ್ನುತ್ತಾರೆ. ಸೈಟು ಮಾಡಿ ಹಂಚುತ್ತಾರೆ ಎಂಬ ಮಾತೂ ಇದೆ. ಹೆಂಗಸರು ಈಜಾಡುವ ಜಾಗ ಮತ್ತೆ ಬರುತ್ತದೆ ಎಂದು ಹೇಳಿದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಗ್ರೇಡಿಂಗ್ ಕೆಲಸಕ್ಕೆ ಮತ್ತೆ ಸೇರಿಕೊಂಡೆ. ನಾನು ಬಿಟ್ಟು ಹೋದಾಗ ಆಡಿದ್ದ ಮಾತನ್ನು ಮೇಸ್ತ್ರಿ ಎಲ್ಲರ ಮುಂದೆ ನೆನಪಿಸಿ, ಬಾಗಿಲ ಹತ್ತಿರ ಗಾಳಿ ಬರುವ ಜಾಗವನ್ನು ಇನ್ನೊಬ್ಬಳಿಗೆ ಕೊಟ್ಟುಬಿಟ್ಟಿದ್ದೇನೆ ಎಂದು ಹೇಳಿ, ಹಿಂದಿನ ಮೂಲೆಯಲ್ಲಿ ಕೂರಿಸಿದ.

ಮೊನ್ನೆ ಭಾನುವಾರ ಮನೆಯಲ್ಲಿದ್ದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಬಹಳ ತಿಂಗಳುಗಳ ನಂತರ, ತಲೆ ಎತ್ತದೆ, "ಆ ಕೊಳದಲ್ಲಿ ಈಗ ನೀರು ಅದಾ?" ಎಂದು ಕೇಳಿದರು.

"ಇಲ್ಲ ಅತ್ತೆ. ಅವತ್ತೇ ಖಾಲಿ ಮಾಡ್ಸವ್ರೆ."

"ಅವತ್ತೇನಾ?"

"ಊಂ. ನಾವು ಮನೆಗೆ ಬಂದ ಮೇಲೆ. ಕಾವಲಿನವ್ನು ಹೇಳ್ದ."

ಅವರು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. "ಅಷ್ಟೊಂದು ನೀರು" ಅಂದರು. ಆಮೇಲೆ ಮೊರವನ್ನು ನನ್ನ ಕಡೆ ತಳ್ಳಿ, ನೀನೂ ಸುಲಿ ಎಂಬಂತೆ ಗದ್ದ ಆಡಿಸಿದರು. ಇಬ್ಬರೂ ಸುಲಿದೆವು.